ಪೆರಾಲ್‌ನಿಂದ ಹೊಳೆಗಿಳಿಯುವ ದಾರಿ

ಪೆರಾಲ್, ಏಪ್ರಿಲ್ 14, ಭಾನುವಾರ

ಅರ್ಲೆತ್,

ಈ ಕಾಗದ ತಂದವಳನ್ನು ನೋಡಿ ಗಾಬರಿಯಾಗಬೇಡ. ಕುತ್ತಿಗೆಯವರೆಗೆ ಕೆಸರು ಸಿಡಿದಿದ್ದರೂ ಹುಡುಗಿ ಒಳ್ಳೆಯವಳೇ. ಹೆಸರು ನೊಯೆಮಿ, ರೊಡೆಜ್‌ನಲ್ಲಿ ನರ್ಸ್. ಭಾನುವಾರ ಬಂತೆಂದರೆ ತನ್ನಂಥವರನ್ನೇ ಒಂದಷ್ಟು ಜನ ಕಟ್ಟಿಕೊಂಡು ನಮ್ಮ ವಿಯೋರ್ ಹೊಳೆಯ ಕಣಿವೆಯಲ್ಲಿ ಸೈಕಲ್ ಹೊಡೆಯುತ್ತಾಳೆ. ನಾನು ಅಂಚೆ ಹಂಚುತ್ತಿದ್ದಂಥ ಸೈಕಲ್ ಅಲ್ಲ. ಟಗರಿನ ಕೊಂಬಿನಂತೆ ಬಾಗಿದ ಹಿಡಿ, ದಪ್ಪ ಟೈರು. ಡಾಮರು ಕಂಡರೆ ಮುಖ ತಿರುಗಿಸಿ ಜಲ್ಲಿ, ಮಣ್ಣು, ಹಳೆಯ ಗಾಡಿದಾರಿ ಹುಡುಕಿಕೊಂಡು ಹೋಗುವ ಜಾತಿ. ಗ್ರಾವೆಲ್ ಸೈಕಲ್ ಅನ್ನುತ್ತಾರಂತೆ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ ಅಂದುಕೊಂಡೇ ನಾನು ಬಾಗಿಲು ತೆರೆದದ್ದು.

ನೀರು ಕೇಳಲು ಬಂದಿದ್ದಳು. "ಮದಾಂ, ಇಲ್ಲಿಂದ ಹೊಳೆಗೆ ಇಳಿಯೋಕೆ ದಾರಿ ಇದೆಯಾ? ನಕ್ಷೇಲಿ ಒಂದು ಚುಕ್ಕಿಗೆರೆ ತೋರಿಸ್ತಿದೆ" ಅಂದಳು.

"ಇದೆಯಾ ಅಂತ ನನ್ನ ಕೇಳ್ತೀಯಲ್ಲೇ! ಮೂವತ್ತು ವರ್ಷ ಅಂಚೆ ಚೀಲ ಹೊತ್ಕೊಂಡು ಓಡಾಡಿದೀನಿ ಅದರಲ್ಲಿ. ರೋಲಾಂ ಕಲ್ಮೆಲ್ ಹೊಲದ ಬದು ಹಿಡಿದು ನೇರ ಹೋಗು, ಕೊನೇಲಿ ಎಡಕ್ಕೆ ತಿರುಗು, ಹೊಳೆ ದಾಟೋ ಹಲಗೆ ಸಂಕ ಸಿಗುತ್ತೆ. ದಾಟಿದ್ರೆ ಎಸ್ಕೂರ್. ಅಲ್ಲಿ ಮೇಕೆ ಇಟ್ಕೊಂಡಿರೋ ಒಬ್ಬಳು ಮುಂಗೋಪಿ ಇದಾಳೆ, ನನ್ನ ಗೆಳತಿ. ಒಂದು ಕಾಗದ ಕೊಡ್ತೀನಿ, ತಲುಪಿಸು" ಅಂದೆ.

ಇನ್ನೇನು ಮಾಡಲಿ ಹೇಳು. ಚಳಿಗಾಲದಲ್ಲಿ ನನಗೆ ಹೊಸ ಮಂಡಿ ಕೂರಿಸಿದ ಮೇಲೆ ಇಳಿಜಾರು ಇಳಿಯಲಾಗುವುದಿಲ್ಲ, ಕಾರು ಓಡಿಸಲೂ ಆಗುವುದಿಲ್ಲ. ನೀನೋ, ಮೇಕೆ ಬಿಟ್ಟು ಈ ಏರು ಹತ್ತಿ ಬರುವವಳಲ್ಲ. ಫೆಬ್ರವರಿಯ ಗಾಳಿಗೆ ಬಿದ್ದ ನಿನ್ನ ಟೆಲಿಫೋನ್ ಕಂಬವನ್ನು ಎತ್ತುವವರು ಇನ್ನೂ ಹುಟ್ಟಿಲ್ಲ. ಅಂಚೆಗೆ ಹಾಕಿದರೆ ಕಾಗದ ಆಲ್ಬಿಯನ್ನೆಲ್ಲ ಸುತ್ತಿ ನಾಲ್ಕು ದಿನಕ್ಕೆ ನಿನ್ನನ್ನು ಮುಟ್ಟುತ್ತದೆ. ನಿನ್ನ ಒಲೆಯ ಹೊಗೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತಿರುವಾಗ!

ಒಂದು ಮಾತು. ಆ ಸೈಕಲ್‌ನವರು ಹೊಲದ ಅಂಚಿನಲ್ಲಿ ನಿಂತು ಮೊದಲ ಸಲ ನಮ್ಮ ಕಡೆಯಿಂದ ಕಣಿವೆ ನೋಡಿದರು. ಬಾಯಿಬಡುಕರ ಗುಂಪು ಅದು. ಒಬ್ಬರೂ ಉಸಿರೆತ್ತಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟು ಹೊತ್ತು ಅವರು ಏನು ನೋಡಿದರು ಎಂದು ನಿನಗೇನಾದರೂ ಗೊತ್ತಾದರೆ ಬರೆ.

ಇಂತಿ ನಿನ್ನ
ಸೊಲಾಂಜ್


ಎಸ್ಕೂರ್, ಏಪ್ರಿಲ್ 28

ಪ್ರೀತಿಯ ಸೊಲಾಂಜ್,

ನಿನ್ನ ಅಂಚೆಯವಳು ನಿನಗಿಂತ ವಾಸಿ. ಕಾಗದ ಕೊಟ್ಟ ಮೇಲೆ ಕೂತು ಅರ್ಧ ಚೀಸ್ ಖಾಲಿ ಮಾಡಲಿಲ್ಲ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಅವರು ಸಂಕದ ಮೇಲೂ ಹಾಗೆಯೇ ನಿಂತುಬಿಟ್ಟರು. ಅವರಲ್ಲೊಬ್ಬ ಗಡ್ಡದವನಿದ್ದಾನೆ, ಎತ್ತಿನಂಥ ಆಳು. ಅವನ ಕಣ್ಣಲ್ಲಿ ನೀರು ನೋಡಿ ನನಗೆ ನಗು ಬಂತು. "ಏನಪ್ಪಾ, ಬಿದ್ದು ಪೆಟ್ಟು ಮಾಡಿಕೊಂಡ್ಯಾ?" ಅಂದೆ.

"ಇಲ್ಲಮ್ಮ. ನಿನ್ನೆಯಿಂದ ಈ ಹೊಳೆ ಜೊತೆಗೇ ಬರ್ತಿದೀವಿ. ಒಂದು ಕಾರಿನ ಸದ್ದು ಕೇಳಿಲ್ಲ. ದೇಶದಲ್ಲಿ ಇಂಥ ಜಾಗ ಇನ್ನೂ ಉಳಿದಿದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಅಂದ.

ಈ ಹೊಳೆಯ ಪಕ್ಕದಲ್ಲಿ ರಸ್ತೆಯಿಲ್ಲ ಎಂದು ಹುಟ್ಟಿದಾಗಿನಿಂದ ಗೊಣಗಿದವಳು ನಾನು. ಆಚೆ ದಂಡೆಗೆ ಕಾರಿನಲ್ಲಿ ಹೋಗಬೇಕೆಂದರೆ ಬೆಟ್ಟ ಹತ್ತಿ, ಸುತ್ತಿ, ಮತ್ತೆ ಇಳಿದು ಮುಕ್ಕಾಲು ಗಂಟೆ. ಅದನ್ನೇ ಅವನು ದೇವರ ಪ್ರಸಾದವೆಂಬಂತೆ ಹೇಳಿದ.

ಅವರು ಹೋದ ಮಾರನೆಯ ಬೆಳಿಗ್ಗೆ ಮೇಕೆಗಳನ್ನು ಬಿಟ್ಟು ಸಂಕದ ಮೇಲೆ ಕೂತೆ. ಮೇಕೆ ಎಣಿಸಲು, ಹಲಗೆ ಗಟ್ಟಿಯಿದೆಯೇ ಎಂದು ಪರೀಕ್ಷಿಸಲು ಅಲ್ಲಿ ನಿಂತಿದ್ದೇನೆ, ಕೂತದ್ದು ನೆನಪಿಲ್ಲ. ಮಂಜು ನೀರಿನ ಮೇಲಿಂದ ಎದ್ದು ನಿಮ್ಮ ಕಡೆಯ ಬೆಟ್ಟವನ್ನು ಹತ್ತುತ್ತಿತ್ತು. ಓಕ್ ಮರಗಳಲ್ಲಿ ಆಗಷ್ಟೇ ಎಲೆ ಬಿಟ್ಟಿತ್ತು. ಬಿಸಿಲು ಮೊದಲು ನಿನ್ನ ಮನೆಯ ಚಾವಣಿಗೆ ಬಿತ್ತು, ಆಮೇಲೆ ಒಂದೊಂದೇ ಮರ ಇಳಿದು ಕೊನೆಗೆ ನೀರಿಗೆ ಬಂತು. ನೀರಿನ ತಳದ ಕಲ್ಲುಗಳೆಲ್ಲ ಒಮ್ಮೆಗೇ ಕಂಡವು. ಒಂದು ಮಿಂಚುಳ್ಳಿ ನನ್ನ ಕಾಲ ಕೆಳಗೇ ಹಾರಿಹೋಯಿತು. ನನಗೆ ಮೈ ಜುಮ್ಮೆಂದಿತು ಸೊಲಾಂಜ್. ಈ ವಯಸ್ಸಿನಲ್ಲಿ, ನನ್ನದೇ ಹೊಳೆಯ ಮುಂದೆ.

ನೀನು ಪಕ್ಕದಲ್ಲಿದ್ದಿದ್ದರೆ ಮಾತಾಡಿ ಹಾಳುಮಾಡುತ್ತಿದ್ದೆ. ಆದರೂ ಇರಬೇಕಿತ್ತು.

ಅರ್ಲೆತ್


ಪೆರಾಲ್, ಜೂನ್ 30

ಅರ್ಲೆತ್,

ಕೂತುಕೊಂಡು ಓದು.

ಪಂಚಾಯಿತಿ ಬಾಗಿಲಿಗೆ ಹಳದಿ ಕಾಗದ ಅಂಟಿಸಿದ್ದಾರೆ. ನಮ್ಮ ದಾರಿಯನ್ನು, ಪೆರಾಲ್‌ನಿಂದ ಹೊಳೆಗೆ ಇಳಿಯುವ ದಾರಿಯನ್ನು, ರೋಲಾಂ ಕಲ್ಮೆಲ್‌ಗೆ ಮಾರುತ್ತಾರಂತೆ. 'ಸಾರ್ವಜನಿಕರ ಬಳಕೆಯಲ್ಲಿಲ್ಲದ ದಾರಿ' ಎಂದು ಬರೆದಿದ್ದಾರೆ. ಕೊಂಡರೆ ಅವನ ಎರಡು ಹೊಲ ಕೂಡಿ ಒಂದಾಗುತ್ತದೆ, ಸುತ್ತ ಬೇಲಿ ಬರುತ್ತದೆ. ಅಲ್ಲಿಗೆ ಮುಗಿಯಿತು.

ನಾನು ಕೋಲೂರಿಕೊಂಡು ನೇರ ಅವನ ಕೊಟ್ಟಿಗೆಗೇ ಹೋದೆ. "ಏನೋ ರೋಲಾಂ, ದಾರಿ ನುಂಗಿ ನೀರು ಕುಡಿಯೋಕೆ ಹೊರಟಿದೀಯಂತೆ?"

"ಬಾ ಸೊಲಾಂಜ್, ಒಂದು ಲೋಟ ವೈನ್ ತಗೋ."

"ನಿನ್ನ ವೈನ್ ನೀನೇ ಕುಡಿ. ದಾರಿ ಯಾರಪ್ಪಂದು?"

"ಯಾರೂ ಓಡಾಡದ ದಾರೀನ ಇಟ್ಕೊಂಡು ಊರಿಗೆ ಏನಾಗ್ಬೇಕು? ವಿಚಾರಣೆ ಇದೆ, ಅಧಿಕಾರಿ ಬರ್ತಾನೆ, ಹೇಳೋದನ್ನ ಅಲ್ಲಿ ಹೇಳು" ಎಂದು ಹಸುವಿನ ಹಿಂದೆ ಹೋದ. ಕೆಟ್ಟವನಲ್ಲ ಅವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ವಿಚಾರಣೆ ಸೆಪ್ಟೆಂಬರ್‌ನಲ್ಲಿ. ಜನ ಓಡಾಡುತ್ತಿರುವ ದಾರಿಯನ್ನು ಊರು ಮಾರುವಂತಿಲ್ಲ, ಅದು ಕಾನೂನು. ನಮ್ಮ ಸೈಕಲ್‌ನವರು ಭಾನುವಾರ ತಪ್ಪದೆ ಓಡಾಡುತ್ತಿಲ್ಲವೇ? ನೊಯೆಮಿಗೆ ಹೇಳಿದ್ದೇನೆ. ಇನ್ನು ಮೇಲೆ ಶನಿವಾರವೂ ಬರುತ್ತಾರಂತೆ. ಬದುವಿನ ಮೇಲೆ ಅವರ ಟೈರಿನ ಗುರುತು ಉತ್ತಿಟ್ಟ ಹಾಗಿದೆ. ಗೆಲ್ಲುತ್ತೇವೆ ಕಣೇ.

ಸೊಲಾಂಜ್


ಎಸ್ಕೂರ್, ಜುಲೈ 14

ಸೊಲಾಂಜ್,

ಮಗ ಬಂದು ಹೋದ. ಆಲ್ಬಿಯಲ್ಲಿ ಅವನ ಮನೆಯ ಹತ್ತಿರವೇ ಒಂದು ಕೋಣೆ ನೋಡಿದ್ದಾನಂತೆ. ಲಿಫ್ಟ್ ಇದೆ, ಕೆಳಗೇ ಬೇಕರಿ ಇದೆ. ಮೇಕೆಗಳನ್ನು ಕೊಳ್ಳುವವರನ್ನೂ ನೋಡಿದ್ದಾನೆ. ಎರಡು ವರ್ಷದಿಂದ ಇದೇ ರಾಗ, ನಾನು ಪ್ರತಿ ಸಲವೂ ಗದರಿಸಿ ಕಳಿಸುತ್ತಿದ್ದೆ. ಈ ಸಲ ಗದರಿಸಲಿಲ್ಲ. ದಾರಿಯ ತೀರ್ಮಾನ ಆಗುವವರೆಗೆ ತಡಿ ಎಂದೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಮಂಡಿ ಸರಿಹೋಗುವವರೆಗೆ ಎಷ್ಟು ತಿಂಗಳಾದರೂ ಕಾಯಬಲ್ಲೆ. ಆದರೆ ನೀನು ಬರಲು ದಾರಿಯೇ ಇಲ್ಲವೆಂದಾದ ಮೇಲೆ ಈ ದಂಡೆಯಲ್ಲಿ ಕೂತು ನಾನು ಯಾರಿಗೆ ಕಾಯಲಿ? ದಾರಿ ಹೋದರೆ ನಾನೂ ಹೋಗುತ್ತೇನೆ.

ಹೊಳೆ ಸಣ್ಣಗಾಗಿದೆ. ಸೈಕಲ್‌ನವರು ಬಟ್ಟೆ ಸಮೇತ ಬಿದ್ದು ಹೊರಳಾಡಿ ಹೋದರು. ಈ ಕಾಗದ ಒದ್ದೆಯಾಗಿದ್ದರೆ ಅದು ಅವರದೇ ಕೆಲಸ.

ಅರ್ಲೆತ್


ಪೆರಾಲ್, ಸೆಪ್ಟೆಂಬರ್ 15

ಅರ್ಲೆತ್,

ಸೋತೆವು. ಅದೂ ಎಂಥ ಸೋಲು ಗೊತ್ತೇ, ನಾಲ್ಕು ಜನರೆದುರು ನನ್ನ ಮುಖ ಇಷ್ಟಾಯಿತು.

ವಿಚಾರಣೆಯ ಅಧಿಕಾರಿ ಅಲರಿ ಎನ್ನುವವರು. ಸಣಕಲು ಮನುಷ್ಯ, ಸಮಾಧಾನವಾಗಿ ಕೇಳುತ್ತಾರೆ. ನಾನು ಹೊಸ ಕೋಟು ಹಾಕಿಕೊಂಡು ಹೋಗಿದ್ದೆ. ನೊಯೆಮಿ ತನ್ನ ಸೈಕಲ್‌ನ ಗುಂಪನ್ನೆಲ್ಲ ಕರೆತಂದಿದ್ದಳು. ಏಪ್ರಿಲ್‌ನಿಂದ ಎಷ್ಟು ಸಲ ಓಡಾಡಿದ್ದೇವೆ, ಯಾವ ಮಳೆಯಲ್ಲಿ, ಯಾವ ಬಿಸಿಲಲ್ಲಿ ಎಂದು ಅವರು ಹೇಳಿದ್ದೇ ಹೇಳಿದ್ದು. ರೋಲಾಂ ಮೂಲೆಯಲ್ಲಿ ಟೋಪಿ ತಿರುಗಿಸುತ್ತಾ ಕೂತಿದ್ದ. ಎಲ್ಲ ಮುಗಿದ ಮೇಲೆ ಎದ್ದು ಮೇಜಿನ ಮೇಲೆ ಊರಿನ ಜಮೀನು ನಕ್ಷೆ ಹಾಸಿದ.

"ಸೊಲಾಂಜ್, ನೀವು ಓಡಾಡೋದು ಎಲ್ಲಿ? ಬೆರಳಿಟ್ಟು ತೋರಿಸು."

ತೋರಿಸಿದೆ.

"ಅದು ನನ್ನ ಹೊಲ ಕಣಮ್ಮ. ನಮ್ಮಪ್ಪನ ಕಾಲದಿಂದ ಓಡಾಡ್ತಿದೀರ. ಪಾಪ, ಹೋಗ್ಲಿ ಅಂತ ಆ ಬದು ಬಿಟ್ಟು ಬಿತ್ತಿದೀವಿ. ಊರ ದಾರಿ ಇರೋದು ಇಲ್ಲಿ." ಅವನ ಬೆರಳು ಸ್ವಲ್ಪವೇ ಪಕ್ಕಕ್ಕೆ ಸರಿಯಿತು. ಬದುವಿಗೆ ಅಂಟಿಕೊಂಡಿರುವ ಆ ಮುಳ್ಳಿನ ತಗ್ಗು! ನಾವು ಮಕ್ಕಳಾಗಿದ್ದಾಗ ಹಾವಿದೆ ಎಂದು ಹೆದರಿಸುತ್ತಿದ್ದರಲ್ಲ, ಅದೇ. "ಹೇಳು, ಅದರಲ್ಲಿ ಯಾವತ್ತಾದ್ರೂ ಕಾಲಿಟ್ಟಿದೀಯಾ?"

ಇಲ್ಲ ಅರ್ಲೆತ್. ನಾನೂ ಇಟ್ಟಿಲ್ಲ, ನೀನೂ ಇಟ್ಟಿಲ್ಲ. ಯಾವುದೋ ಕಾಲದಲ್ಲಿ ತಗ್ಗಿಗೆ ನೀರು ನಿಂತಿರಬೇಕು, ಮುಳ್ಳು ಬಂದಿರಬೇಕು, ಜನ ಒಂದು ಹೆಜ್ಜೆ ಮೇಲಕ್ಕೆ ಹತ್ತಿ ಬದುವಿನ ಮೇಲೆ ನಡೆದಿರಬೇಕು. ಆ ಬದುವೇ ದಾರಿ ಎಂದು ನಾವು ನಂಬಿದೆವು. ನಾನು ಅಂಚೆ ಹಂಚಿದ್ದೂ ರೋಲಾಂನ ದಯೆಯಲ್ಲಿ, ಈ ಮಕ್ಕಳನ್ನು ಓಡಾಡಿಸಿದ್ದೂ ಅವನ ದಯೆಯಲ್ಲಿ. ಊರ ದಾರಿಯನ್ನು ಉಳಿಸುತ್ತೇನೆಂದು ಇಡೀ ಬೇಸಿಗೆ ಬೇರೆ ದಾರಿ ತುಳಿಸಿದೆನಲ್ಲ!

ಅಲರಿಯವರು ನಗಲಿಲ್ಲ, ಅಷ್ಟು ಪುಣ್ಯ. "ಅಕ್ಟೋಬರ್ ಇಪ್ಪತ್ತಕ್ಕೆ ನಾನೇ ಬಂದು ಜಾಗ ನೋಡ್ತೀನಿ ಮದಾಂ. ಆಮೇಲೇ ಬರೆಯೋದು" ಎಂದರು. ಏನು ನೋಡುತ್ತಾರೆ, ಮುಳ್ಳನ್ನೇ?

ಮಗನಿಗೆ ಏನೂ ಹೇಳಬೇಡ, ಇಪ್ಪತ್ತರವರೆಗಾದರೂ.

ಸೊಲಾಂಜ್


ಎಸ್ಕೂರ್, ಸೆಪ್ಟೆಂಬರ್ 22

ಸೊಲಾಂಜ್,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ನಮ್ಮಮ್ಮನ ಮಾತು ನೆನಪಾಯಿತು. ಮದುವೆಯಾಗಿ ಬಂದಾಗ ಅವಳ ಮರದ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಇಳಿದು ಬಂತಂತೆ, 'ಒಳಗಿನಿಂದ'. ಹಾಗೆಯೇ ಅನ್ನುತ್ತಿದ್ದಳು. ಯಾವುದರ ಒಳಗಿನಿಂದ ಎಂದು ನಾನು ಕೇಳಿರಲಿಲ್ಲ. ಯೋಚಿಸು, ನಿನ್ನ ಆ ಬದುವಿನಲ್ಲಿ ಎತ್ತಿನ ಗಾಡಿ ಇಳಿಯಲು ಸಾಧ್ಯವೇ?

ಈ ಭಾನುವಾರ ನೊಯೆಮಿ ಬಂದಾಗ ಸಂಕದ ಆಚೆ ತುದಿಗೆ ಕರೆದುಕೊಂಡು ಹೋದೆ. ಅಲ್ಲಿ ಬಂಡೆಗೆ ಬಳ್ಳಿ ಪರದೆಯ ಹಾಗೆ ಇಳಿಬಿದ್ದಿದೆಯಲ್ಲ, ಅದನ್ನು ಸರಿಸಿದೆವು. ಹಿಂದೆ ಕತ್ತಲೆ, ತಣ್ಣನೆ ಗಾಳಿ. ಅವಳು ಹೆಲ್ಮೆಟ್ಟಿನ ದೀಪ ಹಚ್ಚಿಕೊಂಡು ಅಂಬೆಗಾಲಿಟ್ಟು ಒಳಗೆ ಹೋದಳು. ಮೊದಲು ಮುಳ್ಳಿಗೆ ಶಾಪ ಹಾಕುವುದು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಕೂಗಿದೆ, ಉತ್ತರವಿಲ್ಲ. ಬಳ್ಳಿ ಹಿಡಿದು ಬಗ್ಗಿ ಮತ್ತೆ ಕೂಗಿದೆ.

ಬಹಳ ಹೊತ್ತಿನ ಮೇಲೆ ಬಂದಳು. ಕೆನ್ನೆಯೆಲ್ಲ ತರಚಿ ರಕ್ತ. ನನ್ನ ಎರಡೂ ಕೈ ಹಿಡಿದುಕೊಂಡಳು.

"ಅರ್ಲೆತಮ್ಮ, ಒಳಗೆ ಕಲ್ಲು ಹಾಸಿದಾರೆ. ಮೇಲಿನವರೆಗೂ. ಎರಡೂ ಕಡೆ ಗೋಡೆ ಇದೆ. ಬಂಡೇಲಿ ಗಾಡಿ ಚಕ್ರದ ಗುರುತು ಇದೆ, ನನ್ನ ಇಡೀ ಅಂಗೈ ಹಿಡಿಸೋವಷ್ಟು ಆಳ."

"ನೀರು ನಿಂತಿದೆಯಾ?"

"ಒಂದು ಹನಿ ಇಲ್ಲ. ಚರಂಡಿ ಮಾಡಿದಾರೆ, ಎಲೆ ತುಂಬ್ಕೊಂಡಿದೆ ಅಷ್ಟೆ. ಎಷ್ಟು ದಾರಿ ತುಳಿದಿದೀನಿ ನಾನು, ಇಂಥದ್ದು ಎಲ್ಲೂ ನೋಡಿಲ್ಲ" ಎಂದು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು.

ಇಪ್ಪತ್ತಕ್ಕೆ ಇನ್ನೂ ಸಮಯವಿದೆ. ಮಗನಿಗೆ ಏನೂ ಹೇಳಿಲ್ಲ.

ಅರ್ಲೆತ್


ಪೆರಾಲ್, ಅಕ್ಟೋಬರ್ 13

ನನ್ನ ಅರ್ಲೆತ್,

ನೀನು ಆ ತುದಿಯಲ್ಲಿ ಕೊಡಲಿಯ ಸದ್ದು ಕೇಳುತ್ತಿದ್ದೆಯಲ್ಲ, ಈ ತುದಿಯಲ್ಲಿ ಆದದ್ದನ್ನು ಹೇಳುತ್ತೇನೆ.

ಮೂರು ಭಾನುವಾರ ಸೈಕಲ್‌ಗಳು ನನ್ನ ಗೋಡೆಗೊರಗಿ ನಿಂತವು, ಸವಾರರು ಕೊಡಲಿ, ಕುಡುಗೋಲು, ಗರಗಸ ಹಿಡಿದು ಮುಳ್ಳಿಗೆ ಇಳಿದರು. ಪೇಟೆಯ ಕೈಗಳು, ಒಂದೇ ಗಂಟೆಗೆ ಬೊಬ್ಬೆ. ನಾನು ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಸೂಪು ಬಡಿಸಿದೆ, ಬೈದೆ, ಹುರಿದುಂಬಿಸಿದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಎರಡನೆಯ ಭಾನುವಾರ ರೋಲಾಂ ಬಂದ, ಹೆಗಲಿಗೆ ಕೋವಿ. ಕಾಡುಹಂದಿ ಬೇಟೆಗೆ ಹೊರಟವನು. "ಯಾರಪ್ಪನ ಅಪ್ಪಣೆ ತಗೊಂಡು ಕಡೀತಿದೀರ?" ಎಂದು ಗುಡುಗಿದ.

"ಊರ ದಾರಿ ಕಣೋ. ನೀನೇ ತಾನೆ ಬೆರಳಿಟ್ಟು ತೋರಿಸಿದ್ದು?" ಅಂದೆ.

ನೋಡೋಣ ಇವರ ಹುಚ್ಚು ಎಂದು ಕೋವಿಯನ್ನು ನನ್ನ ಕುರ್ಚಿಗೆ ಒರಗಿಸಿ ತಗ್ಗಿಗೆ ಇಳಿದ. ಇಳಿದವನು ಬರಲೇ ಇಲ್ಲ. ಬಗ್ಗಿ ನೋಡಿದೆ. ಹೇಗೆ ಹೇಳಲಿ? ನಾವು ಮುಳ್ಳೆಂದುಕೊಂಡದ್ದು ಬರೀ ಹೊದಿಕೆ. ಕೆಳಗೆ ಆಳುದ್ದದ ಗೋಡೆಗಳು, ಸುಣ್ಣವಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದು, ಒಂದೂ ಅಲುಗಿಲ್ಲ. ಎರಡೂ ಕಡೆಯ ಮರಗಳು ಮೇಲೆ ಕೂಡಿಕೊಂಡು ಚಾವಣಿಯಾಗಿವೆ. ಬಿಸಿಲು ಅದರ ಮೂಲಕ ಹಸಿರಾಗಿ ಇಳಿಯುತ್ತದೆ. ಪಾಚಿ ಹಿಡಿದ ಹಾಸುಗಲ್ಲು ತಿರುವಿ ತಿರುವಿ ಕೆಳಗೆ ಹೋಗುತ್ತದೆ. ತುದಿಯಲ್ಲಿ ಹೊಳೆ ಇದೆ, ಕಾಣುವುದಿಲ್ಲ, ಅದರ ಸದ್ದು ಮಾತ್ರ ಇಡೀ ದಾರಿಯಲ್ಲಿ ತುಂಬಿಕೊಂಡಿದೆ. ಯಾರು ಕಟ್ಟಿದರೋ, ಎಷ್ಟು ತಲೆಮಾರಿನ ಬೆನ್ನು ಬಾಗಿತೋ, ಒಂದು ಹೆಸರನ್ನೂ ಕೆತ್ತಿಲ್ಲ.

ರೋಲಾಂ ನಡುದಾರಿಯಲ್ಲಿ ಮಂಡಿಯೂರಿ ಕೂತು ಗಾಡಿ ಚಕ್ರದ ಗುರುತಿನಲ್ಲಿ ಕೈ ಆಡಿಸುತ್ತಿದ್ದ. ಟೋಪಿ ಪಕ್ಕದಲ್ಲಿತ್ತು. ನನ್ನನ್ನು ಕಂಡು, "ಹುಟ್ಟಿದಾಗಿನಿಂದ ಇದರ ಪಕ್ಕದಲ್ಲೇ ಉತ್ತಿದೀನಲ್ಲೇ ಸೊಲಾಂಜ್. ಇದರ ಪಕ್ಕದಲ್ಲೇ" ಎಂದ.

ಆಮೇಲೆ ಮನೆಗೆ ಹೋದ. ಜಗಳಕ್ಕೆ ಮಗನನ್ನು ಕರೆತರುತ್ತಾನೆಂದುಕೊಂಡೆವು. ಪೊದೆ ಕತ್ತರಿಸುವ ಮೆಷಿನ್ ತಂದ! ಸಂಜೆಯೊಳಗೆ ಈ ಮಕ್ಕಳೆಲ್ಲ ಸೇರಿ ಕಡಿದದ್ದರ ಎರಡರಷ್ಟು ಕಡಿದ. ಹೋಗುವಾಗ ಮಾತ್ರ ಮತ್ತೆ ಹಳೆಯ ರೋಲಾಂ. "ನೋಡು, ಅರ್ಜಿ ವಾಪಸ್ ತಗೋತೀನಿ. ಆದರೆ ಇನ್ಮೇಲೆ ನನ್ನ ಬದುವಿನ ಮೇಲೆ ಒಂದು ಟೈರು ಕಂಡ್ರೆ ಸುಮ್ನಿರಲ್ಲ. ಅಲ್ಲೂ ಬಿತ್ತೋನೇ ನಾನು" ಎಂದ. ಬಿತ್ತಲಿ. ಅಪ್ಪನ ಕಾಲದಿಂದ ಬಿಟ್ಟಿದ್ದ ನೆಲ, ಅವನದ್ದೇ.

ಅರ್ಜಿ ಹಿಂದಕ್ಕೆ ಬಂದರೂ ಅಲರಿಯವರು ಬಂದೇ ಬರುತ್ತಾರೆ. ಬಳಕೆಯಲ್ಲಿದೆ ಎಂದು ಅವರು ಬರೆಯದಿದ್ದರೆ ಪಂಚಾಯಿತಿ ನಾಳೆ ಇನ್ನೊಬ್ಬರಿಗೆ ಮಾರುತ್ತದೆ. ಆವತ್ತು ನೀನು ಸಂಕದ ಹತ್ತಿರ ಇರು. ಬೇರೇನೂ ಈಗ ಹೇಳುವುದಿಲ್ಲ.

ಸೊಲಾಂಜ್


ಎಸ್ಕೂರ್, ಅಕ್ಟೋಬರ್ 22

ಸೊಲಾಂಜ್,

ನಿನ್ನೆ ಬೆಳಿಗ್ಗೆ ನೀನು ಇಲ್ಲಿಂದ ಹೊರಟೆ, ಇವತ್ತು ನಾನು ಕಾಗದ ಬರೆಯುತ್ತಿದ್ದೇನೆ. ಹುಚ್ಚಿ ಎನ್ನು. ಎದುರಿಗೆ ಕೂತಾಗ ನೀನು ನನಗೆ ಮಾತಾಡಲು ಎಲ್ಲಿ ಬಿಟ್ಟೆ?

ಮೊನ್ನೆ ಅಲರಿಯವರು ಪೇಟೆಯ ಬೂಟು ಹಾಕಿಕೊಂಡು ನಿಧಾನವಾಗಿ ಇಳಿದು ಬಂದರು. ಗೋಡೆ ಮುಟ್ಟಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಸೈಕಲ್‌ನವರು ಒಬ್ಬರ ಹಿಂದೊಬ್ಬರು ಅವರ ಪಕ್ಕದಲ್ಲೇ ಇಳಿದು ಸಂಕದ ಮೇಲೆ ಹೋದರು. ಹಲಗೆಗಳು ದಡದಡ ಅಂದವು. ಅಲರಿಯವರು ನನ್ನ ಹತ್ತಿರ ಬಂದು, "ಅದ್ಭುತವಾಗಿದೆ ಮದಾಂ, ನಾನು ಇಂಥದ್ದು ನೋಡಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಸೈಕಲ್‌ನವರು ಇವತ್ತು ಬರ್ತಾರೆ, ನಾಳೆ ಇನ್ನೊಂದು ಕಣಿವೆಗೆ ಹೋಗ್ತಾರೆ. ಈ ದಾರಿ ಯಾರಿಗಾದ್ರೂ ಬೇಕಾ?" ಎಂದು ಕೇಳಿದರು.

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಆಗ ತಿರುವಿನಲ್ಲಿ ಒಂದು ಬೆನ್ನು ಕಾಣಿಸಿತು.

ನಿನ್ನದು. ನೀನು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ ಇಳಿಯುತ್ತಿದ್ದೆ. ನೊಯೆಮಿಯ ಸೈಕಲ್ ನಿನ್ನ ಎದುರಿಗೆ, ಅದರ ಎರಡು ಕೊಂಬು ನಿನ್ನ ಕೈಯಲ್ಲಿ. ಅವಳು ಪಕ್ಕದಲ್ಲಿ ನಿಂತು ಬ್ರೇಕ್ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ಒಂದು ಹೆಜ್ಜೆಗೊಮ್ಮೆ ಹಿಡಿ, ಒಂದು ಹೆಜ್ಜೆಗೊಮ್ಮೆ ಬಿಡು. ಮುಂದಕ್ಕೆ ಬಾಗದ ಮಂಡಿ ಹಿಂದಕ್ಕಾದರೆ ಇಳಿಯುತ್ತದೆಂದು ಅವಳೇ ಕಲಿಸಿದಳಂತಲ್ಲ, ನರ್ಸ್ ಆದದ್ದೂ ಸಾರ್ಥಕ. "ಎಡಗಾಲು, ಮದಾಂ. ಹಾಂ, ಈಗ ಬಲಗಾಲು." "ಗೊತ್ತು ಕಣೇ, ನನಗೆ ಇರೋದು ಎರಡೇ!" ನಿನ್ನ ಬೈಗುಳ ಆ ಕಲ್ಲಿನ ಗೋಡೆಗಳ ನಡುವೆ ಮೊಳಗುತ್ತಾ ಬಂತು. ಎಂಟು ತಿಂಗಳಾಗಿತ್ತು ಸೊಲಾಂಜ್, ಆ ಧ್ವನಿಯನ್ನು ನಾನು ಕಿವಿಯಲ್ಲಿ ಕೇಳಿ.

ನೀನು ಆಮೇಲೆ ಹೇಳಿದೆ, ಹಿಮ್ಮುಖವಾಗಿ ಇಳಿದದ್ದರಿಂದ ಇಡೀ ದಾರಿ ನಿನ್ನ ಕಣ್ಣೆದುರೇ ಒಂದೊಂದೇ ಕಲ್ಲಾಗಿ ಮೇಲಕ್ಕೆ ಎದ್ದು ಆಕಾಶದವರೆಗೆ ಹೋಯಿತು ಎಂದು. ಅದನ್ನು ಹೇಳುವಾಗ ನೀನು ಯಾರನ್ನೂ ಬೈಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ.

ಅಲರಿಯವರು ಗೋಡೆಗೆ ಅಂಟಿಕೊಂಡು ನಿನಗೆ ದಾರಿ ಬಿಟ್ಟರು. ನನಗೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಹೊರಡುವಾಗ, "ಬಳಕೆಯಲ್ಲಿಲ್ಲ ಅಂತ ಬರೆಯೋಕೆ ನನ್ನ ಕೈ ಏಳಲ್ಲ ಮದಾಂ" ಎಂದರು, ನೀನು ಆಗ ರೋಲಾಂ ಜೊತೆ ಜಗಳವಾಡುತ್ತಿದ್ದೆ. ಮಗನಿಗೆ ನಿನ್ನೆಯೇ ಬರೆದು ಹಾಕಿದೆ, ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು.

ಇದರಲ್ಲಿ ಬಹುಪಾಲು ನೀನೂ ಬಲ್ಲೆ. ನಿನಗೆ ಖಂಡಿತ ತಿಳಿಯದ್ದು ಒಂದಿದೆ, ಅದಕ್ಕಾಗಿಯೇ ಈ ಕಾಗದ. ಸಂಕದ ಹತ್ತಿರ ಬಂದು ನೀನು ಈಚೆ ತಿರುಗಿದಾಗ ನಾನು ಎಂದಿನಂತೆ ಮುಖ ಗಂಟಿಕ್ಕಿಕೊಂಡು, "ಎಷ್ಟು ಹೊತ್ತೇ ನಿಂದು, ಸೂಪು ಆರಿಹೋಯ್ತು" ಅಂದೆನಲ್ಲ. ನೀನು ತಿರುವಿನಿಂದ ಅಲ್ಲಿಗೆ ಇಳಿಯುವಷ್ಟೂ ಹೊತ್ತು ನಾನು ನಿಂತಲ್ಲೇ ಬಿಕ್ಕಿಬಿಕ್ಕಿ ಅಳುತ್ತಿದ್ದೆ. ನಿನ್ನ ಬೆನ್ನು ನನ್ನ ಕಡೆಗಿತ್ತು, ಮುಖ ಒರೆಸಿಕೊಳ್ಳಲು ನನಗೆ ಬೇಕಾದಷ್ಟು ಸಮಯ ಸಿಕ್ಕಿತು.

ನಿನ್ನ
ಅರ್ಲೆತ್